ಎಂಟನೇ ನಂಬರಿನ ವಯಸ್ಸು

ಗಂಗಾಶ್ರೀ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದು, ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟು, "ಸಿದ್ಧಲಿಂಗೇಶಣ್ಣ, ಇದರ ಮೇಲೆ 'ಎಂಟನೇ ನಂಬರಿನ ಹುಡುಗಿ' ಅಂತ ಬರೀರಿ" ಅಂದಳು. ಹೆಚ್ಚು ಯೋಚಿಸದೆ ಬರೆದುಕೊಟ್ಟೆ. ಅವಳು ಬ್ಯಾಗಿನಿಂದ ಆ ವಾರ ಬಂದಿದ್ದ ಮೂಗರ್ಜಿಯ ಜೆರಾಕ್ಸ್ ತೆಗೆದು ನನ್ನ ಬರಹದ ಪಕ್ಕ ಹಿಡಿದು, ಅಕ್ಷರಕ್ಕೆ ಅಕ್ಷರ, ಕೊಂಬಿಗೆ ಕೊಂಬು ಹೋಲಿಸತೊಡಗಿದಳು. ಈಕೆ ನನ್ನ ಮೇಲೂ ಅನುಮಾನಪಡುತ್ತಿದ್ದಾಳೆ ಎಂದು ನನಗೆ ಹೊಳೆದದ್ದು ಆಗಲೇ.

"ನಾನೇ ಬರೆದಿದ್ದು ಅಂತನಾ ಅಮ್ಮಾ?" ಎಂದು ಕೇಳಿದೆ.

"ನೀವು ಅಂತ ನಾನು ಹೇಳ್ಲಿಲ್ಲ. ನೀವಲ್ಲ ಅನ್ನೋದು ಗಟ್ಟಿ ಆಗ್ಲಿ ಅಂತ ನೋಡ್ತಿದೀನಿ."

ಅವಳು ಸೊರಬದ ಹುಡುಗಿಯರ ಫುಟ್‌ಬಾಲ್ ತಂಡದ ಮ್ಯಾನೇಜರು. ನಾನು ಐದು ವರ್ಷದಿಂದ ಅದೇ ತಂಡದ ಕಾರ್ಯದರ್ಶಿ. ಮಳೆ ಬಂದರೆ ಚೆಂಡುಗಳನ್ನು ನನ್ನ ಗ್ರಂಥಾಲಯದ ಮೂಲೆಯಲ್ಲೇ ಒಣಗಿಸುತ್ತಿದ್ದೆವು. ಆದರೂ ನನಗೆ ಸಿಟ್ಟು ಬರಲಿಲ್ಲ. ಅವಳು ಯಾಕೆ ಹಾಗಾದಳು ಎಂಬುದು ನನಗೆ ಸ್ವಲ್ಪಮಟ್ಟಿಗೆ ಗೊತ್ತಿತ್ತು.

ಗಂಗಾಶ್ರೀ ಹುಟ್ಟಿದ್ದು ಅಂಜನಾಪುರದಲ್ಲಿ. ಅಪ್ಪ ಪರಮಶಿವಪ್ಪನವರದು ಡ್ಯಾಮಿನ ಕಾಲುವೆ ಕೆಳಗಿನ ಗದ್ದೆ. ಹೈಸ್ಕೂಲಿಗೆ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅಲ್ಲಿ ಚನ್ನೇಶ್ ಎಂಬ ಪಿ.ಟಿ. ಮೇಷ್ಟ್ರು ಇದ್ದರು. ಭದ್ರಾವತಿ ಕಡೆಯವರು, ಫುಟ್‌ಬಾಲ್ ಹುಚ್ಚಿನವರು. ಕಬಡ್ಡಿ ತಂಡದಲ್ಲಿ ಜಾಗ ಸಿಗದೆ ಉಳಿದ ಹುಡುಗಿಯರನ್ನು ಕೂಡಿಸಿ ಅವರೊಂದು ತಂಡ ಕಟ್ಟಿದರು. ಗಂಗಾಶ್ರೀಯನ್ನು ಮೈದಾನದ ನಡುವೆ, ಮಿಡ್‌ಫೀಲ್ಡಿನಲ್ಲಿ ನಿಲ್ಲಿಸಿದರು. "ಚೆಂಡು ಕಾಲಿಗೆ ಬರೋಕೆ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡು. ಬೆನ್ನ ಹಿಂದೆ ಯಾರಿದಾರೆ ಅಂತ ತಿಳೀದೋಳು ನಡುವೆ ಆಡಬಾರದು" ಎಂದು ಅವರು ದಿನಾ ಹೇಳುತ್ತಿದ್ದರಂತೆ. ಅವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಆಟ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಸೊರಬದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ನಡೆಯುವಾಗಲೂ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು.

ವಿಶ್ವವಿದ್ಯಾಲಯದ ತಂಡಕ್ಕೆ ಎರಡು ವರ್ಷ ನಾಯಕಿಯಾಗಿದ್ದಳು. ಇಪ್ಪತ್ತೆರಡನೇ ವಯಸ್ಸಿಗೆ ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬಂತು. ಶಿಕಾರಿಪುರದಿಂದ ಹೋದವರು ಇಬ್ಬರೇ: ಇವಳು, ಮತ್ತೆ ಜೊತೆಯಲ್ಲೇ ಆಡಿ ಬೆಳೆದ ವಾಣಿಶ್ರೀ. ಶಿಬಿರದ ಎರಡನೇ ದಿನ ಗಂಗಾಶ್ರೀಯ ಬಲ ಮಂಡಿ ತಿರುಚಿತು. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ವಾಣಿಶ್ರೀ ಕೈಯಲ್ಲಿ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡು, ಮೇಲೆ ಉದ್ದನೆಯ ಕಾಲುಚೀಲ ಎಳೆದುಕೊಂಡು ಮೈದಾನಕ್ಕೆ ಇಳಿಯುತ್ತಿದ್ದಳು. ಆರನೇ ದಿನ ಶಿಬಿರದ ವೈದ್ಯರು ಅಷ್ಟು ಜನರಲ್ಲಿ ಇವಳೊಬ್ಬಳನ್ನೇ ಕರೆದು, ನೇರವಾಗಿ ಬಲ ಮಂಡಿಗೇ ಕೈಹಾಕಿ ಒತ್ತಿದರು. ಅವಳು ಕಿರುಚಿದಳು. ಸಂಜೆ ಹಾಕಿದ, ಶಿಬಿರದಲ್ಲಿ ಉಳಿಯುವವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮಂಡಿಯ ವಿಷಯ ಗೊತ್ತಿದ್ದವಳು ವಾಣಿಶ್ರೀ ಒಬ್ಬಳೇ. ಕೇಳಿದ್ದರೆ ಅವತ್ತೇ ಉತ್ತರ ಸಿಗುತ್ತಿತ್ತು. ಗಂಗಾಶ್ರೀ ಕೇಳಲಿಲ್ಲ, ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡಳು. ಗೆಳತಿಯ ಜೊತೆ ಮಾತು ನಿಂತಿತು. ಮಂಡಿ ಪೂರ್ತಿ ಸರಿಹೋಗಲಿಲ್ಲ, ಆಟವೂ ನಿಂತಿತು.

ಆಮೇಲೆ ಹೊಸಬಾಳೆಯ ರೇಣುಕಾಪ್ರಸಾದನ ಜೊತೆ ಮದುವೆಯಾಗಿ ಸೊರಬಕ್ಕೆ ಬಂದಳು. ಟಿಲ್ಲರು, ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವ ಅಂಗಡಿ ಅವನದು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಹೆಂಡತಿ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಾ ಕೂತಲ್ಲೇ ಕಾಲು ಝಾಡಿಸುವುದನ್ನು ಎರಡು ವರ್ಷ ನೋಡಿ, ಒಂದು ದಿನ ಶಿವಮೊಗ್ಗದಿಂದ ನಾಲ್ಕು ಚೆಂಡು ತಂದು ಅವಳ ಮುಂದೆ ಇಟ್ಟ. ಸೊರಬದ ತಂಡ ಶುರುವಾದದ್ದು ಹಾಗೆ.

ಹುಡುಗಿಯರನ್ನು ಹೊಂದಿಸಲು ನಾವಿಬ್ಬರೂ ಊರೂರು ಅಲೆದೆವು. ಜನ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದರು. ಇನ್ಶೂರೆನ್ಸ್ ಮಾಡಿಸುವವರು ಇರಬೇಕು ಎಂದು ಕೆಲವರು, ಚುನಾವಣೆ ಹತ್ತಿರ ಬಂತಲ್ಲ ಎಂದು ಕೆಲವರು. "ಶಿಕಾರಿಪುರದೋರಿಗೆ ನಮ್ಮ ಹೆಣ್ಮಕ್ಕಳ ಮೇಲೆ ಎಂತಕ್ಕೆ ಇಷ್ಟು ಪ್ರೀತಿ?" ಎಂದು ಒಬ್ಬ ಅಜ್ಜಿ ಮುಖಕ್ಕೇ ಕೇಳಿದಳು. ಗಂಗಾಶ್ರೀಗೆ ಬೇಸರವಾಗಲಿಲ್ಲ. "ಕೇಳ್ಬೇಕು ಅಣ್ಣ. ಕೇಳದೇ ಇರೋರೇ ಅಪಾಯ" ಅಂದಳು.

ಮೂರನೇ ವರ್ಷಕ್ಕೆ ಜಡೆಯಿಂದ ಮಧುಶ್ರೀ ಬಂದಳು. ಆಗ ಒಂಬತ್ತನೇ ಕ್ಲಾಸು. ಉದ್ದ ಕಾಲು, ಮಾತು ಬಲು ಕಮ್ಮಿ. ಚೆಂಡು ಅವಳ ಕಾಲಿಗೆ ಬಂದರೆ ಮೈದಾನವೆಲ್ಲ ಒಂದು ಕ್ಷಣ ನಿಧಾನವಾದಂತೆ ಕಾಣುತ್ತಿತ್ತು. ಗಂಗಾಶ್ರೀ ತಾನು ಹಾಕುತ್ತಿದ್ದ ಎಂಟನೇ ನಂಬರಿನ ಅಂಗಿಯನ್ನು ಅವಳಿಗೆ ಕೊಟ್ಟಳು. ಗೋಲ್‌ಕೀಪರುಗಳನ್ನು ತಯಾರು ಮಾಡಲು ಯೋಗೇಶ ಸೇರಿಕೊಂಡ. ಊರಲ್ಲಿ ಮೋಟಾರ್ ವೈಂಡಿಂಗ್ ಕೆಲಸ ಮಾಡುವ, ಮೂವತ್ತು ದಾಟಿದ, ಒಂದು ರೂಪಾಯಿ ಕೇಳದೆ ದಿನಾ ಸಂಜೆ ಬರುವ ಮನುಷ್ಯ.

ಮ್ಯಾನೇಜರಾಗಿ ಗಂಗಾಶ್ರೀ ಬಲು ಚುರುಕು. ಆದರೆ ಆಡುವ ಹನ್ನೊಂದು ಜನರ ಹೆಸರು ಪಂದ್ಯಕ್ಕೆ ಅರ್ಧ ಗಂಟೆ ಇರುವವರೆಗೂ ಯಾರಿಗೂ ಹೇಳುತ್ತಿರಲಿಲ್ಲ. ಮೈದಾನದ ಬೇಲಿ ಹತ್ತಿರ ಅಪರಿಚಿತರು ಬೈಕ್ ನಿಲ್ಲಿಸಿದರೆ ಅಭ್ಯಾಸವನ್ನೇ ನಿಲ್ಲಿಸುತ್ತಿದ್ದಳು. ಹುಡುಗಿ ಯಾರಾದರೂ "ಮಿಸ್, ನಾಳೆ ಎಷ್ಟೊತ್ತಿಗೆ?" ಎಂದರೆ, "ಯಾರು ಕೇಳ್ಕೊಂಡು ಬಾ ಅಂದ್ರು?" ಎನ್ನುವುದು ಅವಳ ರೂಢಿ. ನಾವು ಅದನ್ನು ತಮಾಷೆ ಮಾಡುತ್ತಿದ್ದೆವು.

ಕಳೆದ ವರ್ಷದ ಹಿಂದಿನ ನವೆಂಬರಿನಲ್ಲಿ ನಮ್ಮ ತಂಡ ಹದಿನೇಳು ವರ್ಷದೊಳಗಿನವರ ಜಿಲ್ಲಾ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ಸಾಗರದ ತಂಡವನ್ನು ಸೋಲಿಸಿತು. ಎರಡು ಗೋಲೂ ಮಧುಶ್ರೀಯವು. ಆ ಪಂದ್ಯದಲ್ಲಿ ಅವಳ ಭುಜ ತಾಗಿ ಸಾಗರದ ಸಣ್ಣ ಹುಡುಗಿಯೊಬ್ಬಳು ಬಿದ್ದು ಕೈ ಮುರಿದುಕೊಂಡಳು. ರೆಫ್ರಿ ತಪ್ಪು ಎನ್ನಲಿಲ್ಲ. ಫೈನಲ್ ಇದ್ದದ್ದು ಶಿಕಾರಿಪುರದ ಮೇಲೆ, ಹದಿನೆಂಟು ದಿನ ಬಿಟ್ಟು. ಆ ತಂಡದ ಮ್ಯಾನೇಜರು ವಾಣಿಶ್ರೀ.

ಸೆಮಿಫೈನಲ್ ಆಗಿ ಒಂದು ವಾರಕ್ಕೆ ಜಿಲ್ಲಾ ಸಂಸ್ಥೆಯಿಂದ ನೋಟಿಸ್ ಬಂತು. ಜೊತೆಗೆ ಒಂದು ಮೂಗರ್ಜಿಯ ಜೆರಾಕ್ಸ್. ಸಹಿ ಇಲ್ಲ, ಹೆಸರಿಲ್ಲ. "ಸೊರಬದ ಎಂಟನೇ ನಂಬರಿನ ಹುಡುಗಿಗೆ ಹದಿನಾರಲ್ಲ, ಹದಿನೆಂಟು ತುಂಬಿದೆ. ಶಾಲೆಯ ದಾಖಲೆ ನೋಡಬೇಡಿ. ಚುಚ್ಚುಮದ್ದಿನ ಕಾರ್ಡು ನೋಡಿ. ಅವಳನ್ನು ಫೈನಲ್ ಆಡಿಸಬೇಡಿ." ಅಂಕುಡೊಂಕಾದ ಅಕ್ಷರ. ಅದು ಬಂದ ಲಕೋಟೆಯನ್ನೂ ಜೆರಾಕ್ಸ್ ಮಾಡಿ ಕಳಿಸಿದ್ದರು, ಅದರ ಮೇಲಿನ ಅಂಚೆ ಮುದ್ರೆ ಶಿಕಾರಿಪುರದ್ದು.

ಗಂಗಾಶ್ರೀ ಅದನ್ನು ಎರಡು ಸಲ ಓದಿ, "ವಾಣಿ" ಅಂದಳು. ಹಾಳೆ ಮಡಚುತ್ತಾ, "ಆದ್ರೆ ಅವಳಿಗೆ ಇಲ್ಲಿಂದ ಯಾರೋ ಸುದ್ದಿ ಕೊಟ್ಟಿದಾರೆ" ಅಂದಳು.

ಆ ವಾರ ನಾವು ಅನುಭವಿಸಿದ್ದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಅವಳು ಹದಿನೇಳು ಜನರ ಕೈಬರಹ ತೆಗೆದುಕೊಂಡಳು. ಯೋಗೇಶನಿಗೆ "ಮಧುಶ್ರೀ ಫೈನಲ್ ಆಡಲ್ಲ" ಎಂದಳು, ನನಗೆ "ಮಧುಶ್ರೀನ ಡಿಫೆನ್ಸಿಗೆ ಹಾಕ್ತೀನಿ" ಎಂದಳು. ಯಾವ ಸುಳ್ಳು ಊರು ಸುತ್ತಿ ವಾಪಸ್ ಬರುತ್ತದೋ ನೋಡಬೇಕೆಂದು. ಎರಡೂ ಮಾರನೇ ದಿನವೇ ಟೀ ಅಂಗಡಿಯಿಂದ ವಾಪಸ್ ಬಂದವು. ಸೊರಬದಲ್ಲಿ ಯಾವುದು ತಾನೇ ಬರುವುದಿಲ್ಲ? ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಯಾರ ಮನೆಗೆ ಯಾರು ನೆಂಟರು ಎಂದು ವಿಚಾರಿಸಿದಳು. ಅವರು ಒಬ್ಬರಿಗೊಬ್ಬರು ಮಾತು ಬಿಟ್ಟರು. ಮಾತು ಬಿಟ್ಟ ಮೇಲೆ ಚೆಂಡು ಕೊಡುವುದನ್ನೂ ಬಿಟ್ಟರು. ಅಭ್ಯಾಸದ ಆಟ ನೋಡಲಾಗುತ್ತಿರಲಿಲ್ಲ.

ಯೋಗೇಶನ ತಂಗಿಯನ್ನು ಶಿಕಾರಿಪುರಕ್ಕೆ ಕೊಟ್ಟಿತ್ತು. ಅದು ಗೊತ್ತಾದ ದಿನ ಗಂಗಾಶ್ರೀ ಮೈದಾನದಲ್ಲಿ, ಎಲ್ಲ ಹುಡುಗಿಯರ ಎದುರಿಗೆ, ಕೈ ಚಾಚಿದಳು. "ಯೋಗೇಶ್, ಫೋನ್ ಕೊಡಿ. ಕಾಲ್ ಲಿಸ್ಟ್ ನೋಡ್ಬೇಕು."

ಅವನು ಅವಳ ಮುಖವನ್ನೇ ನೋಡಿದ. "ನೋಡಿ ಮೇಡಂ" ಎಂದು ಫೋನು ಕೊಟ್ಟ. ಅವಳು ಪೂರ್ತಿ ನೋಡಿದಳು. ಏನೂ ಇರಲಿಲ್ಲ. ಅವನು ಫೋನು ಜೇಬಿಗಿಟ್ಟುಕೊಂಡು, ಕೈಗವಸು ಬಿಚ್ಚಿ ಗೋಲ್ ಕಂಬದ ಬುಡದಲ್ಲಿಟ್ಟು, ಬೈಕ್ ಹತ್ತಿ ಹೋದ.

ಅವತ್ತು ರೇಣುಕಾಪ್ರಸಾದ ನನ್ನ ಹತ್ತಿರ ಬಂದು, "ಸರ್, ನೀವು ಇವಳನ್ನ ಶಿಕಾರಿಪುರಕ್ಕೆ ಕರ್ಕೊಂಡು ಹೋಗಿ. ಏನು ಕೇಳ್ಬೇಕೋ ಕೇಳಿ ಬರ್ಲಿ. ಇಲ್ದಿದ್ರೆ ನಾಳೆ ನನ್ನ ಅಕ್ಷರನೂ ತಗೋತಾಳೆ" ಅಂದ. ಅವನ ದನಿಯಲ್ಲಿ ನಗೆ ಇರಲಿಲ್ಲ.

ನನ್ನ ಕಾರಿನಲ್ಲಿ ಹೋದೆವು. ವಾಣಿಶ್ರೀಯ ಟೈಲರಿಂಗ್ ಅಂಗಡಿ ಪೇಟೆಯ ಒಳಗಿನ ಬೀದಿಯಲ್ಲಿ. ಕುತ್ತಿಗೆಗೆ ಟೇಪು ಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದವಳು ತಲೆ ಎತ್ತಿ, ಗಂಗಾಶ್ರೀಯನ್ನು ಕಂಡು ಕತ್ತರಿ ಕೆಳಗಿಟ್ಟಳು. ಹತ್ತು ವರ್ಷದ ಮೇಲೆ ಎದುರುಬದುರಾಗಿದ್ದರು.

"ಬಾ ಗಂಗಾ, ಕೂರು. ಕೂರ್ರೀ ಸರ್."

ಗಂಗಾಶ್ರೀ ಕೂರಲಿಲ್ಲ. ಜೆರಾಕ್ಸ್ ಮುಂದೆ ಹಿಡಿದಳು. "ಇದನ್ನ ನೀನೇ ಹಾಕಿದ್ದಾ?"

ವಾಣಿಶ್ರೀ ಓದಿದಳು. ಮತ್ತೊಮ್ಮೆ ಓದಿದಳು. "ಇಲ್ಲ. ನಿನ್ನ ಹುಡುಗಿ ವಯಸ್ಸು ನನಗೆ ಎಲ್ಲಿಂದ ಗೊತ್ತಾಗ್ಬೇಕು?"

"ಮುದ್ರೆ ನಿಮ್ಮೂರಿಂದೇ ಐತಿ."

"ಊರಾಗ ನಾನೊಬ್ಳೇ ಏನ್ ಇರಾದು?"

"ಹಂಗಾದ್ರೆ ಶಿಬಿರದಾಗೆ? ಅಲ್ಲಿ ನನ್ನ ಮಂಡಿ ವಿಷಯ ಎಷ್ಟು ಜನಕ್ಕೆ ಗೊತ್ತಿತ್ತು?"

ವಾಣಿಶ್ರೀ ಬಾಗಿಲ ಕಡೆ ನೋಡಿದಳು. ಕತ್ತರಿಸಿದ ಬಟ್ಟೆಯನ್ನು ಮಡಚಿ ಬದಿಗಿಟ್ಟಳು. "ಅದು ನಾನೇ" ಅಂದಳು. "ಡಾಕ್ಟ್ರಿಗೆ ಹೇಳಿದೋಳು ನಾನೇ ಗಂಗಾ. ಬೆಳಿಗ್ಗೆ ಪಟ್ಟಿ ಕಟ್ಟುವಾಗ ನಿನ್ನ ಮಂಡಿ ನನ್ನ ಕೈಯಾಗೆ ಅಲ್ಲಾಡ್ತಿತ್ತು. ಇನ್ನೊಂದು ವಾರ ಆಡಿದ್ರೆ ನೀನು ಕೋಲು ಹಿಡೀಬೇಕಾಗ್ತಿತ್ತು. ನಿನಗೆ ಹೇಳಿದ್ರೆ ಕೇಳ್ತಿದ್ದೇನು?"

"ನನ್ನ ಜಾಗಕ್ಕೆ ನೀನು ಹೋದೆಯಲ್ಲ."

"ನಾನೆಲ್ಲಿ ಹೋದೆ? ಕೊನೇ ಪಟ್ಟಿಯಾಗೆ ನನ್ನ ಹೆಸರೂ ಬರಲಿಲ್ಲ. ಅದನ್ನಾದರೂ ವಿಚಾರಿಸಿದ್ಯಾ?"

ಗಂಗಾಶ್ರೀ ವಿಚಾರಿಸಿರಲಿಲ್ಲ. ಅವಳು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಯಾರೋ ಗಿರಾಕಿ ಬಂದು ರವಿಕೆ ಕೇಳಿ ಹೋದರು. ವಾಣಿಶ್ರೀ ಮೂಗರ್ಜಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು: "ಯಾರು ಬರೆದಿದ್ದು ಅಂತ ಇಷ್ಟು ಹುಡುಕ್ತೀಯಲ್ಲ, ಬರೆದಿರೋದು ನಿಜಾನೋ ಸುಳ್ಳೋ ನೋಡಿದ್ಯೇನು?"

ವಾಪಸ್ ಹೊರಟು ಸೊರಬ ಹತ್ತಿರ ಬಂದಾಗ, "ಅಣ್ಣ, ಮನೆಗೆ ಬೇಡ. ಜಡೆಗೆ ಹೋಗಣ" ಅಂದಳು.

ಮಧುಶ್ರೀಯ ಅಪ್ಪ ಜಯಪ್ಪ ಗದ್ದೆಗೆ ಹೋಗಿದ್ದ. ತಾಯಿ ಧನಲಕ್ಷ್ಮಿ ಅಂಗಳದಲ್ಲಿ ಭತ್ತ ಹರವುತ್ತಿದ್ದವಳು ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಗಂಗಾಶ್ರೀ ಸುತ್ತುಬಳಸದೆ, "ಧನಲಕ್ಷ್ಮಕ್ಕ, ಮಧು ಚಿಕ್ಕವಳಿದ್ದಾಗಿನ ಚುಚ್ಚುಮದ್ದಿನ ಕಾರ್ಡು ಇದೆಯಾ?" ಎಂದು ಕೇಳಿದಳು.

"ಅದೆಲ್ಲ ಎಂತಕ್ಕೆ ಮೇಡಂ? ಶಾಲೆದು ಕೊಟ್ಟಿದೀವಲ್ಲ."

"ಇದೆಯೋ ಇಲ್ಲವೋ?"

ಧನಲಕ್ಷ್ಮಿ ಮತ್ತೆ ಭತ್ತದ ಕಡೆ ಬಗ್ಗಿದಳು. ಒಳಗಿನಿಂದ ಮಧುಶ್ರೀ ಬಂದಳು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ, ಮಡಿಕೆಯಲ್ಲಿ ಹರಿದ ಹಳದಿ ಕಾರ್ಡು ಇತ್ತು. ಅದನ್ನು ಗಂಗಾಶ್ರೀಗೆ ಕೊಟ್ಟು, "ನಾನೇ ಬರ್ದಿದ್ದು ಮಿಸ್" ಅಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಗಂಗಾಶ್ರೀಗೆ ಆಯಿತು. ಹದಿನೇಳು ಜನರ ಕೈಬರಹ ತೆಗೆದುಕೊಂಡವಳು ಇವಳೊಬ್ಬಳದನ್ನು ತೆಗೆದುಕೊಂಡಿರಲಿಲ್ಲ. ತನ್ನ ಮೇಲೆ ತಾನೇ ಯಾರು ದೂರು ಬರೆಯುತ್ತಾರೆ?

ಆಮೇಲೆ ತಾಯಿ ಮಗಳು ಸೇರಿ ಎಲ್ಲ ಹೇಳಿದರು. ಮಧುಶ್ರೀ ಸಣ್ಣವಳಿದ್ದಾಗ ಗಂಡ ಹೆಂಡತಿ ಎರಡು ವರ್ಷ ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ತಿರುಗಿ ಬಂದು ಶಾಲೆಗೆ ಸೇರಿಸುವಾಗ ಹುಡುಗಿಗೆ ಎಂಟು ವರ್ಷ. ಒಂದನೇ ಕ್ಲಾಸಿಗೆ ಆರು ವರ್ಷ ಇರಲಿ ಎಂದು ಮೇಷ್ಟ್ರು ಒಂದು ತಾರೀಕು ಬರೆದುಕೊಂಡರು. ಮುಂದೆ ಜನನ ಪತ್ರ ಮಾಡಿಸಿದ್ದೂ ಅದೇ ತಾರೀಕಿಗೆ. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ.

"ಸಾಗರದ ಹುಡುಗಿ ಕೈ ಮುರೀತಲ್ಲ ಮಿಸ್" ಅಂದಳು ಮಧುಶ್ರೀ. "ಅವಳಿಗೆ ಹದಿನಾಲ್ಕಂತೆ. ನನಗೆ ಹದಿನೆಂಟು. ಅವತ್ತಿಂದ ಊಟ ಸೇರ್ಲಿಲ್ಲ. ನನ್ನೊಬ್ಬಳನ್ನ ತೆಗೆದ್ರೆ ಉಳಿದೋರು ಆಡ್ತಾರೆ ಅಂದ್ಕಂಡೆ. ಎಡಗೈಯಲ್ಲಿ ಬರ್ದು, ಶಿಕಾರಿಪುರದ ಚಿಕ್ಕಮ್ಮನ ಮನೆಗೆ ಹೋದಾಗ ಡಬ್ಬಿಗೆ ಹಾಕ್ದೆ. ಇಲ್ಲೇ ಹಾಕಿದ್ರೆ ನೀವು ಹಿಡೀತಿದ್ರಿ."

"ನನಗೇ ಹೇಳಬಹುದಿತ್ತಲ್ಲೇ."

"ಹೇಳೋಕೆ ಬಂದಿದ್ದೆ ಮಿಸ್. ಸೆಮಿಫೈನಲ್ ಮಾರನೇ ದಿನ. 'ಮಿಸ್, ಒಂದು ವಿಷಯ' ಅಂದೆ. ನೀವು 'ಯಾರು ಕಳಿಸಿದ್ರು ನಿನ್ನ?' ಅಂದ್ರಿ. ಮತ್ತೆ ಹೇಳಕ್ಕೆ ಬಾಯಿ ಬರ್ಲಿಲ್ಲ."

ಗಂಗಾಶ್ರೀ ಅಂಗಳದ ಕಟ್ಟೆಯ ಮೇಲೆ ಕೂತು ಕಾರ್ಡಿನ ಮೇಲಿನ ಮಾಸಿದ ತಾರೀಕನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಕಣ್ಣಿನಿಂದ ನೀರು ಬಂದದ್ದನ್ನು ನಾನು ಅವತ್ತೊಂದೇ ದಿನ ನೋಡಿದ್ದು. ಧನಲಕ್ಷ್ಮಿ ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು.

ಕಾರಿನಲ್ಲಿ ನಾನು ಹೇಳಬಾರದ ಮಾತು ಹೇಳಿದೆ. ಮುಚ್ಚಿಡುವುದಿಲ್ಲ. "ನೋಡಮ್ಮ, ಶಾಲೆ ದಾಖಲೆ, ಜನನ ಪತ್ರ ಎರಡೂ ನಮ್ಮ ಕಡೆ ಇವೆ. ಮೂಗರ್ಜಿಗೆ ಕಿಮ್ಮತ್ತಿಲ್ಲ. ಕಾರ್ಡು ಸಿಗಲಿಲ್ಲ ಅಂತ ಬರೆದುಬಿಟ್ಟರೆ ಮುಗೀತು."

"ಸಿಕ್ಕಿದೆಯಲ್ಲ ಅಣ್ಣ" ಅಂದಳು.

ಮಾರನೇ ದಿನ ಶಿವಮೊಗ್ಗಕ್ಕೆ ಹೋಗಿ ಜಿಲ್ಲಾ ಸಂಸ್ಥೆಯವರ ಮುಂದೆ ಕಾರ್ಡು ಇಟ್ಟಳು. ಮೂಗರ್ಜಿ ಬರೆದವರು ಯಾರು ಎಂದು ಅವರು ಕೇಳಿದರು. ಅದು ನಿಮಗೆ ಬೇಡದ ವಿಷಯ, ವಯಸ್ಸು ನಿಜ, ತಪ್ಪು ನನ್ನದು, ವಿಚಾರಿಸಬೇಕಾದ್ದು ನಾನು ಎಂದಳು. ಸೆಮಿಫೈನಲ್ಲಿನ ಫಲಿತಾಂಶ ರದ್ದಾಯಿತು. ನಮ್ಮ ಬದಲು ಸಾಗರದವರು ಫೈನಲ್ ಆಡಿ ಶಿಕಾರಿಪುರದ ಎದುರು ಸೋತರು. ನಮ್ಮ ತಂಡಕ್ಕೂ ಗಂಗಾಶ್ರೀಗೂ ಒಂದು ವರ್ಷ ನಿಷೇಧ.

ಊರು ಸುಮ್ಮನಿರಲಿಲ್ಲ. "ತವರಿಗೆ ಕಪ್ ಕೊಡಿಸಿದಳು" ಎಂಬ ಮಾತು ಸಂತೆಯಿಂದ ಬಸ್‌ಸ್ಟ್ಯಾಂಡಿಗೆ, ಬಸ್‌ಸ್ಟ್ಯಾಂಡಿನಿಂದ ರೇಣುಕಾಪ್ರಸಾದನ ಅಂಗಡಿಗೆ ಬಂತು. ಫೈನಲ್ಲಿಗೆ ಮೊದಲು ಅವಳು ಶಿಕಾರಿಪುರಕ್ಕೆ ಹೋಗಿ ವಾಣಿಶ್ರೀಯ ಅಂಗಡಿಯಲ್ಲಿ ಕೂತಿದ್ದನ್ನು ಯಾರೋ ನೋಡಿದ್ದರು. ಜೊತೆಗಿದ್ದ ನಾನೂ ಅದರಲ್ಲಿ ಪಾಲುದಾರನಾದೆ. ಮೂಗರ್ಜಿ ಬರೆದವಳು ಮಧುಶ್ರೀ ಎಂದು ಹೇಳಿದ್ದರೆ ಮಾತು ನಿಲ್ಲುತ್ತಿತ್ತು. ಗಂಗಾಶ್ರೀ ಹೇಳಲಿಲ್ಲ. ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿದರು. ಉಳಿದವರಿಗೆ ಅವಳು ಪಂದ್ಯವಿಲ್ಲದೆ, ಪಟ್ಟಿಯಿಲ್ಲದೆ, ವಾರಕ್ಕೆ ಮೂರು ಸಂಜೆ ಬರೀ ಆಟ ಕಲಿಸಿದಳು. ಆ ವರ್ಷ ಮಧುಶ್ರೀ ಕೋರ್ಟಿಗೆ ಅರ್ಜಿ ಹಾಕಿ ಹುಟ್ಟಿದ ತಾರೀಕು ತಿದ್ದಿಸಿಕೊಂಡಳು. ಮೂಗರ್ಜಿಯ ವಿಷಯವನ್ನು ಬಾಯಿಬಿಟ್ಟವಳೂ ಕೊನೆಗೆ ಅವಳೇ. ನಾನಿದನ್ನು ಬರೆಯುತ್ತಿರುವುದೂ ಅವಳು ಒಪ್ಪಿದ ಮೇಲೆ. ಈಗ ಕಾಲೇಜು ಸೇರಿ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಾಳೆ. ಅಲ್ಲಿ ಅವಳು ಎಲ್ಲರಿಗಿಂತ ಚಿಕ್ಕವಳಲ್ಲ, ದೊಡ್ಡವಳೂ ಅಲ್ಲ.

ಗಂಗಾಶ್ರೀ ಯೋಗೇಶನ ಮನೆಗೂ ಹೋದಳು. ನಾನೂ ಜೊತೆಗಿದ್ದೆ. ಅವನ ತಾಯಿ ವರದಮ್ಮ ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು. "ಯೋಗೇಶ್, ನಾನು ಮಾಡಿದ್ದು ತಪ್ಪು. ಹುಡುಗೀರ ಎದುರಿಗೇ ಮಾಡಿದೆ. ಅವರ ಎದುರಿಗೇ ತಪ್ಪಾಯ್ತು ಅಂತೀನಿ, ಬನ್ನಿ" ಎಂದು ಅವಳು ಕೇಳಿಕೊಂಡಳು.

ಅವನು ಕಾಫಿ ಲೋಟ ಕೆಳಗಿಟ್ಟ. "ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಮೇಡಂ, ನಿಜಕ್ಕೂ ಇಲ್ಲ. ಆದ್ರೆ ಆ ಮೈದಾನಕ್ಕೆ ಕಾಲಿಟ್ರೆ ಜೇಬಲ್ಲಿರೋ ಫೋನು ಭಾರ ಆಗ್ತದೆ. ಬರೋಕಾಗಲ್ಲ."

ನಿಷೇಧ ಮುಗಿದ ಮೇಲೆ ಈ ಜನವರಿಯಲ್ಲಿ ನಮ್ಮ ಮೈದಾನದಲ್ಲೇ ಮೊದಲ ಪಂದ್ಯ ಆಡಿದೆವು, ವಾಣಿಶ್ರೀಯ ತಂಡದ ಮೇಲೆ. ಹನ್ನೊಂದು ಜನರ ಪಟ್ಟಿಯನ್ನು ಗಂಗಾಶ್ರೀ ಹಿಂದಿನ ದಿನವೇ ಹುಡುಗಿಯರಿಗೆ ಓದಿ ಹೇಳಿದಳು. ಹಾಗೆ ಓದುವಾಗ ಅವಳ ಕಣ್ಣು ಬೇಲಿ ಕಡೆ ಹೋಗಿ ಬಂದದ್ದನ್ನು ನಾನು ಗಮನಿಸಿದೆ. ಪಂದ್ಯದ ದಿನ ಯೋಗೇಶ ಬಂದಿದ್ದ. ಒಳಗೆ ಬರಲಿಲ್ಲ. ನಮ್ಮ ಗೋಲಿನ ಹಿಂದೆ, ಬೇಲಿಯ ಆಚೆ, ಬೈಕಿನ ಮೇಲೆ ಕೂತು ನೋಡುತ್ತಿದ್ದ. ಹೊಸ ಗೋಲ್‌ಕೀಪರ್ ಹೆದರಿ ಕಂಬಕ್ಕೇ ಅಂಟಿಕೊಂಡು ನಿಂತಾಗ ಒಮ್ಮೆ, "ಮುಂದೆ ಬಾ, ಮುಂದೆ ಬಾರೇ!" ಎಂದು ಕೂಗಿದ. ಅವಳು ಮುಂದೆ ಬಂದು ಆ ಚೆಂಡನ್ನು ಹಿಡಿದಳು. ಪಂದ್ಯ ಮೂರು ಒಂದರಲ್ಲಿ ಸೋತೆವು. ಮುಗಿಯುವ ಸೀಟಿ ಬೀಳುವ ಹೊತ್ತಿಗೆ ಅವನು ಹೋಗಿ ಆಗಿತ್ತು.